ತಿರುವಿನವರೆಗೆ ಬಂದ ಆಂಬುಲೆನ್ಸ್

ಮನೆ, ಅಡುಗೆಮನೆಯ ಮೇಜು
ತಾರೀಖು ೪, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕೆಲಸದಲ್ಲಿ ಮರೆತೇಬಿಡುತ್ತೀಯೋ? ಅಪ್ಪನನ್ನು ಮಣ್ಣು ಮಾಡಿದ ಮಾರನೇ ದಿನ ಹೋದವನು ಫೋನನ್ನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ ಎಂದುಕೋ. ಅಪ್ಪನ ಕನ್ನಡಕ ಎತ್ತಿಡಲು ಮಾತ್ರ ಇನ್ನೂ ಕೈ ಬಂದಿಲ್ಲ.

ಆಂಬುಲೆನ್ಸ್ ಚಾಲಕನ ಮೇಲೆ ದೂರು ಬರೆದುಕೊಟ್ಟಿದ್ದೇನೆ. ಆ ಬೆಳಿಗ್ಗೆ ಅಪ್ಪ ಎದೆ ಹಿಡಿದುಕೊಂಡು ಕುಸಿದಾಗ ನಾನು ಫೋನ್ ಮಾಡಿದ್ದು ಎಂಟು ಹತ್ತಕ್ಕೆ, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಎಂಟೂವರೆಯಾದರೂ ಗಾಡಿಯ ಸುಳಿವಿಲ್ಲ. ನೀನು ಹೊರಗಿನಿಂದ ಓಡಿ ಬಂದು, "ಎಷ್ಟು ಸಲ ಮಾಡಿದ್ರೂ ಎತ್ತಲ್ಲ ಅಕ್ಕಾ, ಇವ್ರನ್ನ ನಂಬ್ಕೊಂಡ್ರೆ ಆಗಲ್ಲ" ಎಂದೆ. ಆ ಮಾತನ್ನೇ ದೂರಿನಲ್ಲಿ ಬರೆದೆ. ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಕೊಂಡಾಗ ಅಪ್ಪ ನನ್ನ ತೊಡೆಯ ಮೇಲೆಯೇ ಹೋದರು. ಆಂಬುಲೆನ್ಸಿನಲ್ಲಾದರೆ ಆಮ್ಲಜನಕವಾದರೂ ಇರುತ್ತಿತ್ತಲ್ಲವೇ?

ನಿನ್ನೆ ಆಂಬುಲೆನ್ಸಿನವರ ಕಚೇರಿಗೆ ಕರೆಸಿದ್ದರು. ಚಾಲಕನೂ ಬಂದಿದ್ದ. ಮುಖಕ್ಕೆ ಮುಖ ಕೊಟ್ಟು ನೋಡಲಿಲ್ಲ. ಎಲ್ಲೋ ಚಹಾ ಕುಡಿಯುತ್ತ ನಿಂತಿದ್ದ ಎಂದೇ ಅನುಮಾನಪಟ್ಟೆ. ಕೇಳಿದರೆ, "ನಿಮ್ ಬೀದಿ ತಿರುವಲ್ಲೇ ಇದ್ದೆ ಅಮ್ಮಾ. ಮನೆಯವ್ರು ಬೇಡ ಅಂದ್ರು ಅಂತ ಆಫೀಸಿನವ್ರು ನನ್ನನ್ನ ಬೇರೆ ಕಡೆ ಕಳಿಸಿದ್ರು" ಎಂದ. ಎಷ್ಟು ನುಣ್ಣಗೆ ಹೇಳುತ್ತಾನೆ ನೋಡು ಎಂದುಕೊಂಡೆ. ಬೇಡ ಎನ್ನಲು ನಮ್ಮ ತಲೆ ಕೆಟ್ಟಿತ್ತೇ? ವಿಚಾರಣೆ ಹದಿನಾರನೇ ತಾರೀಖು. ತಪ್ಪು ಅವನದೆಂದಾದರೆ ಕೆಲಸ ಹೋಗುತ್ತದಂತೆ.

ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂದು ಬಂದ ಫೋನ್ ಕರೆಗಳನ್ನು ನಿನ್ನೆ ಅಲ್ಲೇ ಕೇಳಿಸಿದರು. ಮೊದಲನೆಯದು ನನ್ನದು. ಎರಡನೆಯದು ಎಂಟು ಇಪ್ಪತ್ತೆರಡಕ್ಕೆ: "ಬೇಡ ಬಿಡಿ ಅಕ್ಕಾ, ಕಾರು ಸಿಕ್ತು." ಫೋನ್ ಎತ್ತಿದ ಹುಡುಗಿಯನ್ನು ಹಾಗೆ ಎಳೆದು ಅಕ್ಕಾ ಎಂದು ಕರೆಯುವವರು ಈ ಊರಿನಲ್ಲಿ ಇನ್ನೆಷ್ಟು ಜನ? ಯಾರ ದನಿ ಎಂದು ಕೇಳಿದರು. ಗೊತ್ತಿಲ್ಲ ಎಂದುಬಿಟ್ಟೆ. ಮನೆಯವರ ದನಿಯಲ್ಲದಿದ್ದರೆ ಚಾಲಕನೇ ಯಾರಿಂದಲೋ ಮಾಡಿಸಿರಬೇಕು ಎಂದರು. ಚಾಲಕ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ಕಾರು ಬೇಗ ಹೋಗುತ್ತದೆಂದು ನೀನು ನಂಬಿದ್ದೆ, ನನಗೆ ಗೊತ್ತು. ಅಪ್ಪನ ಕಾಲು ಹಿಡಿದು ಕಾರಿಗೆ ಹತ್ತಿಸಿದವಳು ನಾನೇ. ಆದರೆ ಎತ್ತಲ್ಲ ಎಂದು ನನಗೇಕೆ ಹೇಳಿದೆ? ಹದಿನಾರರೊಳಗೆ ಬಂದು ನೀನೇ ಹೇಳು. ಇನ್ನೊಂದು ಸಲ ಅವನ ಎದುರು ಗೊತ್ತಿಲ್ಲ ಎನ್ನಲು ನನ್ನಿಂದಾಗದು.