ಸೊಂಟಕ್ಕೆ ಕಟ್ಟಿಕೊಂಡ ನೀರು

ಹುಣಸೆದೊಡ್ಡಿ,
ಸಾತನೂರು ಹೋಬಳಿ, ಕನಕಪುರ ತಾಲ್ಲೂಕು
೧೬ ಡಿಸೆಂಬರ್ ೨೦೦೭, ಭಾನುವಾರ ಸಂಜೆ

ಪ್ರೀತಿಯ ರೀ,

ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಬರಲಿಲ್ಲ. ಅಷ್ಟು ದೂರದ ಜೈಸಲ್ಮೇರಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಬೇಕಾದಷ್ಟು ಜನ ಇದ್ದಾರು. ‘ರೀ’ ಎನ್ನುವವರು ಯಾರೂ ಇಲ್ಲವೆಂದೇ ನಂಬಿದ್ದೇನೆ. ಮೈ ಹುಷಾರಾಗಿದೆಯೆ? ಕಣ್ಣಿಗೆ ಮರಳು ಹೊಡೆಯುತ್ತದೆ ಎಂದಿದ್ದಿರಲ್ಲ, ಉರಿ ಕಡಿಮೆಯಾಯಿತೆ? ಅಷ್ಟೆತ್ತರದ ಗಾಳಿಯಂತ್ರ ಹತ್ತುವ ದಿನ ಬರಿಹೊಟ್ಟೆಯಲ್ಲಿ ಹತ್ತಬೇಡಿ. ನಾನು ಚೆನ್ನಾಗಿದ್ದೇನೆ. ಊರಾಚೆಯ ಬಂಡೆ ಹತ್ತಿದರೆ ಫೋನಿಗೆ ಸಿಗ್ನಲ್ ಸಿಗುತ್ತದೆ, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬಲ್ಲಿಂದ ಮುಂದಕ್ಕೆ ಹೋದವರೇ ಅಲ್ಲ. ಅದಕ್ಕೇ ಈ ಕಾಗದ.

ಒಂದು ಕಥೆ ಹೇಳಬೇಕಾಗಿದೆ. ಇದನ್ನು ಮೊದಲು ಹೇಳಿದವಳು ನಾನಲ್ಲ, ಈ ಊರಿನ ಬೈರಮ್ಮ. ಕಡೇ ಕಾರ್ತಿಕ ಸೋಮವಾರದ ಬೆಳಿಗ್ಗೆ, ಹಾಲಿನ ಡೈರಿಯ ಮುಂದೆ ಸಾಲು ನಿಂತಿದ್ದ ಹೆಂಗಸರಿಗೆ ಹೇಳಿದಳು. ಇಲ್ಲಿ ನನ್ನನ್ನು ನೀರವ್ವ ಎನ್ನುತ್ತಾರೆ, ಸದಾ ನೀರು ಹಿಡಿದುಕೊಂಡು ಓಡಾಡುವುದರಿಂದ. ‘ನೀರವ್ವ ಬಸ್ರಿ ಕಣ್ರೇ. ನಡಿಗೆ ನೋಡಿ, ತುಂಬಿದ ಕೊಡ ಒತ್ಕಂಡಂಗೆ ನಡೀತಾಳೆ. ಗಂಡ ಅನ್ನಿಸ್ಕಂಡೋನು ಒಂದ್ ದಿನ ಬಂದು ಮಕ ತೋರ್ಸಿಲ್ಲ, ಪಾಪ’ ಎಂದಳಂತೆ. ಡೈರಿಯಲ್ಲಿ ಹಾಲು ಅಳೆದು ಮುಗಿಯುವಷ್ಟರಲ್ಲಿ ಕಥೆ ಊರನ್ನು ಸುತ್ತಿ ಬಂದಿತ್ತು. ಈ ಊರಿನ ಪುಟ್ಟಸ್ವಾಮಿಯ ಹೆಂಡತಿಯ ತೌರು ನಿಮ್ಮ ಮಾಗಡಿಯ ಪಕ್ಕದಲ್ಲೇ ಇದೆ. ಯುಗಾದಿಯಾದ ಮೇಲೆ ಊರಿನ ಕಡೆ ತಲೆ ಹಾಕದ ನಿಮಗೆ ಈ ಕಥೆ ನಿಮ್ಮಮ್ಮನ ಬಾಯಿಂದ ತಲುಪುವ ಮೊದಲು ನನ್ನಿಂದ ತಲುಪಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ. ನನ್ನ ಹೊಟ್ಟೆಯ ಮೇಲಿದ್ದದ್ದು ಸೀಸೆಗಳು.

ಬುಡದಿಂದ ಹೇಳುತ್ತೇನೆ, ಹೂಂಗುಟ್ಟುತ್ತಾ ಓದಿ. ಊರಿನ ಮೇಲುಗಡೆಯ ದಿನ್ನೆಯಲ್ಲಿ ಎರಡು ವರ್ಷದ ಹಿಂದೆ ಒಂದು ಕಾರ್ಖಾನೆ ಎದ್ದಿದೆ. ಅದರ ಬೆನ್ನಿಗೆ ಕೆಲಸಗಾರರಿಗೆಂದು ತಗಡಿನ ಶೆಡ್ಡುಗಳ ಸಾಲು, ಶೆಡ್ಡುಗಳ ಹಿಂದೆ ಕಲ್ಲು ಕಟ್ಟದ ಕಕ್ಕಸು ಗುಂಡಿಗಳು. ದಿನ್ನೆಯ ಕೆಳಗೆ ಊರಿಗೆಲ್ಲ ಕುಡಿಯುವ ನೀರಿನ ಬೋರು. ಮಳೆಗಾಲ ಮುಗಿದಾಗಿನಿಂದ ಮಕ್ಕಳಿಗೆ ಹೊಟ್ಟೆ ಸರಿಯಿಲ್ಲ. ನೀರು ಕೆಟ್ಟಿದೆಯೋ ಇಲ್ಲವೋ ನೋಡಿ ಹೇಳಲು ನಮ್ಮ ಸಂಸ್ಥೆ ನನ್ನನ್ನು ಇಲ್ಲಿಗೆ ಕಳಿಸಿತು. ಮನೋಹರ್ ಸರ್ ಜೀಪಿನಲ್ಲಿ ಸಾಮಾನು ಇಳಿಸಿ, ‘ಸಣ್ಣ ಕೆಲಸ ಕಣಮ್ಮ’ ಎಂದು ಹೋದರು. ಸಣ್ಣ ಕೆಲಸವೇ. ಕಡ್ಡಿಪೆಟ್ಟಿಗೆಗಿಂತ ಒಂದಿಷ್ಟು ಉದ್ದದ ಗಾಜಿನ ಸೀಸೆ, ಅದರೊಳಗೆ ಮದ್ದು ಹಚ್ಚಿದ ಕಾಗದದ ಪಟ್ಟಿ. ನೀರು ತುಂಬಿ ಎರಡು ದಿನ ಮೈಬಿಸಿಯಷ್ಟು ಶಾಖದಲ್ಲಿಟ್ಟರೆ, ನೀರಿನಲ್ಲಿ ಹೊಲಸು ಸೇರಿದ್ದರೆ ಕಪ್ಪಾಗುತ್ತದೆ. ತಣ್ಣಗಿಟ್ಟರೆ ಮಾತ್ರ ಎಂಥ ಕೆಟ್ಟ ನೀರೂ ಸಾಚಾನಂತೆ ತಿಳಿಯಾಗಿ ನಿಂತುಬಿಡುತ್ತದೆ.

ಪ್ರಯೋಗಾಲಯಕ್ಕೆಂದು ಕೊಟ್ಟದ್ದು ಶಾಲೆಯವರು ಮುರಿದ ಬೆಂಚು ತುಂಬಿದ್ದ ಕೋಣೆ. ಇರುವೆ ಹತ್ತದಿರಲೆಂದು ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದೆ. ಹೆಂಚಿನ ಸಂದಿಯಿಂದ ಕೋತಿ ಇಳಿದು ಹತ್ತಿಯ ಉಂಡೆಯನ್ನೆಲ್ಲ ಬಿಡಿಸಿ ನೋಡಿ, ತಿನ್ನಲು ಬಾರದ್ದೆಂದು ಬೇಜಾರಾಗಿ ಹೋಯಿತು. ಸೀಸೆ ಶುದ್ಧ ಮಾಡಲು ನಮ್ಮ ಮದುವೆಗೆ ಬಂದ ಕುಕ್ಕರನ್ನೇ ತಂದಿದ್ದೆ. ದಿನಾ ಸೀಟಿ ಕೇಳಿ ಕೇಳಿ ನಾನು ಬಾಡಿಗೆಗಿರುವ ಮನೆಯ ಒಡತಿ ಕಾವೇರಮ್ಮ, ‘ಅದೆಷ್ಟ್ ಬೇಳೆ ಬೇಯಿಸ್ತೀಯವ್ವ, ಒಬ್ಬಳಿಗೆ?’ ಎಂದಳು. ಬೇಯುತ್ತಿರುವುದು ಬರೀ ಸೀಸೆ ಎಂದಾಗ ನನ್ನ ಹಣೆ ಮುಟ್ಟಿ ನೋಡಿದಳು. ಸೀಸೆಗಳನ್ನು ಬೆಚ್ಚಗಿಡಲು ಕೊಟ್ಟಿದ್ದ ಕರೆಂಟಿನ ಪೆಟ್ಟಿಗೆ ಮಾತ್ರ ನನ್ನನ್ನು ಸೋಲಿಸಿತು. ನೀವು ಅಲ್ಲಿ ಗಾಳಿ ಹಿಡಿದು ಯಾರಿಗೋ ಕರೆಂಟು ಮಾಡಿಕೊಡುತ್ತೀರಿ, ಇಲ್ಲಿ ಬರುವ ಕರೆಂಟಿಗೆ ಬಲ್ಬಿನ ತಂತಿ ಕೆಂಪಾದರೆ ಅದೇ ಹಬ್ಬ. ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಬಂತು, ಪೆಟ್ಟಿಗೆಯೊಳಗೆ ಪಟ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಲಾಟೀನಿಟ್ಟು ನೋಡಿದೆ, ಥರ್ಮೋಕೋಲ್ ಸುತ್ತಿ ನೋಡಿದೆ. ಕಾರ್ತಿಕದ ಚಳಿ ಎಲ್ಲದರೊಳಗೂ ನುಗ್ಗಿತು. ಮೊದಲ ಸಲದ ಸೀಸೆಗಳೆಲ್ಲ ತಿಳಿಯಾಗಿ ನಿಂತವು, ಒಳಗೊಳಗೇ ನಗುತ್ತಿವೆಯೇನೋ ಎನ್ನಿಸಿತು.

ಊರಿನಲ್ಲಿ ಒಂದೇ ಹದದ ಬಿಸಿ ಇರುವ ಜಾಗ ಕಾವೇರಮ್ಮನ ಹುಳದ ಮನೆ, ಅಲ್ಲಿ ರೇಷ್ಮೆ ಹುಳಕ್ಕೆಂದು ಇದ್ದಲಿನ ಒಲೆ ಆರದಂತೆ ನೋಡಿಕೊಳ್ಳುತ್ತಾರೆ. ಒಂದು ಮೂಲೆ ಕೊಡಿ ಎಂದು ಕೇಳಿದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. ‘ಹುಳ ನಾಕ್ನೇ ಜ್ವರದಾಗವೆ ಕಣವ್ವ. ನನ್ ಸ್ವಂತ ಮಗನ್ನೇ ಬೀಡಿ ಸೇದ್ ಬಂದ್ರೆ ಒಳಿಕ್ಕೆ ಬುಡಾಕಿಲ್ಲ. ನೀನು ಕೊಳೆನೀರ್ ಸೀಸೆ ತಂದು ಮಡಗ್ತೀನಿ ಅಂತೀಯಲ್ಲ?’ ಹುಳ ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ, ಆಗ ಸೋಂಕು ತಾಗಿದರೆ ಬೆಳೆಯೇ ಹೋಗುತ್ತದೆ. ಅವಳ ಮಾತು ಸರಿಯಾಗಿಯೇ ಇತ್ತು. ಅಂದು ಕೋಣೆಗೆ ಬಂದು ಚಳಿಗೆ ಮುದುಡಿ ಕುಳಿತಾಗ, ಎಲ್ಲೂ ಸಿಗದ ಶಾಖ ನನ್ನ ಮೈಯಲ್ಲೇ ಇದೆಯಲ್ಲ ಎನ್ನಿಸಿತು. ತರಬೇತಿಯಲ್ಲಿ ಯಾರೋ ಹೇಳಿದ್ದ ಉಪಾಯವೂ ಹೌದು. ಹಳೇ ಸೀರೆಯೊಂದನ್ನು ಹರಿದು ಸಾಲಾಗಿ ಜೇಬು ಹೊಲಿದೆ. ಒಂದೊಂದರಲ್ಲಿ ಒಂದೊಂದು ಸೀಸೆ ಇಟ್ಟು ಸೊಂಟಕ್ಕೆ ಸುತ್ತಿ, ಮೇಲೆ ಸ್ವೆಟರು, ಅದರ ಮೇಲೆ ಸೆರಗು. ಒಂದಕ್ಕೊಂದು ತಾಗಿ ಒಡೆಯದಂತೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ನಡೆದೆ. ಬೈರಮ್ಮ ನೋಡಿದ್ದು ಅದನ್ನೇ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ! ಅಲ್ಲಿಯವರೆಗೆ ಬಾಗಿಲ ಹೊರಗೆ ನಿಲ್ಲಿಸಿ ಮಾತಾಡುತ್ತಿದ್ದವರು ಒಳಗೆ ಕರೆದು ಮಣೆ ಹಾಕಿದರು. ನೀರಿನ ಕ್ಯಾನು ಎತ್ತಲು ಹೋದರೆ ಯಾರೋ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. ಕಾವೇರಮ್ಮ ಹಿದಕಿದ ಅವರೆಬೇಳೆಯ ಸಾರು, ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಇಟ್ಟು ದಿನಾ ಸಂಜೆ ತಟ್ಟೆ ಕಳಿಸಿದಳು. ಬೈರಮ್ಮ ಹುಣಸೆ ತೊಕ್ಕು ತಂದು, ‘ನಾಲ್ಗೆ ಏನ್ ಕೇಳ್ತದೆ ಯೋಳು, ನಾಚ್ಕಬ್ಯಾಡ. ಗಂಡ ದೂರ ಇದ್ರೇನು, ನಾವೆಲ್ಲಾ ಸತ್ತೋಗಿದ್ದೀವಾ?’ ಎಂದು ಗದರಿದಳು. ನಾನು ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಹೇಳಲಿ, ಹೋದ ಮಾಘದಲ್ಲಿ ನಮ್ಮ ಕೂಸು ಐದು ತಿಂಗಳಿಗೇ ಹೋದಾಗ ಮಾಗಡಿಯ ಮನೆಯಲ್ಲಿ ಎಲ್ಲರೂ ನನ್ನ ಮುಂದೆ ಸದ್ದಿಲ್ಲದೆ ಓಡಾಡಿದರು. ಅಮ್ಮ ತೊಟ್ಟಿಲನ್ನು ನನ್ನ ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಸಾಗಿಸಿದರು. ನೀವು ಯುಗಾದಿ ಕಳೆದ ಮೂರನೇ ದಿನ ರೈಲು ಹತ್ತಿದಿರಿ. ಯಾರೂ ಆ ಮಾತು ಎತ್ತಲಿಲ್ಲ, ನಾವಿಬ್ಬರೂ ಎತ್ತಲಿಲ್ಲ. ಇಲ್ಲಿ ಒಬ್ಬಳು ಹೆಂಗಸು ಎಲ್ಲರೆದುರು ನನ್ನ ಹೊಟ್ಟೆಯನ್ನು ನೋಡಿ ‘ಹುಷಾರು ಕಣವ್ವ’ ಎಂದಳು. ಸೀಸೆಗಳು ನನ್ನ ಮೈಯಷ್ಟೇ ಬೆಚ್ಚಗಿದ್ದವು. ಮಗ್ಗುಲು ಬದಲಿಸದೆ ಅಂಗಾತ ಮಲಗುತ್ತಿದ್ದೆ. ಅವನ್ನು ಬಿಚ್ಚಿಟ್ಟಾಗ ಕೋಣೆಯಲ್ಲಿ ಎಷ್ಟು ಚಳಿ ಅನ್ನುತ್ತೀರಿ.

ಸೀಸೆಗಳು ಕಪ್ಪಾದವು. ಬೋರಿನದೂ ಕಪ್ಪು, ಮನೆಮನೆಯ ಹಂಡೆಯದೂ ಕಪ್ಪು. ಹೊಲದಾಚೆ ಯಾರೂ ಬಳಸದ ಹಳೇ ಬಾವಿಯ ನೀರು ಮಾತ್ರ ತಿಳಿಯಾಗಿ ಉಳಿಯಿತು. ಒಂದು ಸಲ ನೋಡಿದರೆ ಸಾಲದು, ಮೂರು ಸಲ ನೋಡಬೇಕೆಂಬುದು ನಮ್ಮ ಸಂಸ್ಥೆಯ ನಿಯಮ. ಆ ನಿಯಮ ನನಗೂ ಅನುಕೂಲವಾಯಿತೆಂದು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ನೀರು ಕುದಿಸಿ ಕುಡಿಯಿರಿ ಎಂದು ಮನೆಮನೆಗೂ ಹೇಳಿದೆ. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ‘ಬಸ್ರೀಗೆ ನೀರ್ ಸೇರಾಕಿಲ್ಲ ಬುಡ್ರೇ. ನಂಗೂ ಕೆಂಪರಾಜು ಹೊಟ್ಟೇಲಿದ್ದಾಗ ನಮ್ ಬಾವಿ ನೀರೇ ವಾಕರಿಕೆ ಬರೋದು’ ಎಂದಳು ಕಾವೇರಮ್ಮ. ನಾನು ಏನು ಹೇಳಿದರೂ ಅದು ಬಸುರಿಯ ಬಯಕೆಯಾಗಿಬಿಡುತ್ತಿತ್ತು. ಮೊನ್ನೆ ಶುಕ್ರವಾರ ಆ ಕೆಂಪರಾಜುವಿನ ಚಿಕ್ಕ ಮಗನಿಗೆ ವಾಂತಿ ಭೇದಿ ನಿಲ್ಲದೆ, ಹಾಲಿನ ವ್ಯಾನಿನಲ್ಲಿ ಕನಕಪುರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಎರಡು ದಿನ ಗ್ಲೂಕೋಸು ಏರಿಸಿದ ಮೇಲೆ ಮಗು ಈ ಮಧ್ಯಾಹ್ನ ಮನೆಗೆ ಬಂತು. ಕಣ್ಣುಗಳು ಒಳಕ್ಕೆ ಹೋಗಿವೆ. ಕಾವೇರಮ್ಮ ಅದರ ಬಾಯಿಗೆ ಹಿಡಿದ ಲೋಟದಲ್ಲಿ ಅದೇ ನೀರು. ಪಕ್ಕದಲ್ಲೇ ನನಗೆಂದು ಮುಚ್ಚಿಟ್ಟ ರೊಟ್ಟಿಯ ತಟ್ಟೆ.

ಇವತ್ತು ಇಳಿಹೊತ್ತಿನಲ್ಲಿ ಹೆಂಗಸರೆಲ್ಲ ಕಾವೇರಮ್ಮನ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ನಾನು ನಡುವೆ ಹೋಗಿ ನಿಂತು, ಸ್ವೆಟರು ತೆಗೆದು, ಸೊಂಟದ ಬಟ್ಟೆ ಬಿಚ್ಚಿ, ಕಪ್ಪಾಗಿದ್ದ ಸೀಸೆಗಳನ್ನು ಒಂದೊಂದಾಗಿ ಜಗುಲಿಯ ಮೇಲಿಟ್ಟೆ. ಇದು ನಿಮ್ಮ ಹಂಡೆಯದು, ಇದು ನಿಮ್ಮದು, ಇದು ಬೋರಿನದು ಎಂದೆ. ನನ್ನಜ್ಜಿಯ ಕಥೆಯಲ್ಲಿ ಏಳು ಹೆಡೆಯ ಸರ್ಪ ಬುಟ್ಟಿಯಿಂದ ಹೊರಬಂದಾಗ ನಾವು ಮಕ್ಕಳು ಕುಳಿತಿರುತ್ತಿದ್ದೆವಲ್ಲ, ಹಾಗೆ ಕುಳಿತಿದ್ದರು. ಆದರೆ ಸೀಸೆಗಳನ್ನು ಯಾರೂ ನೋಡಲಿಲ್ಲ, ನನ್ನ ಹೊಟ್ಟೆಯನ್ನು ನೋಡಿದರು. ‘ಅಂಗಾರೆ ಕೂಸಿಲ್ವಾ?’ ಎಂದಳು ಬೈರಮ್ಮ. ಇಲ್ಲ ಎಂದೆ. ‘ನಾನ್ ಹಿದಕಿದ್ ಬೇಳೆಯೆಲ್ಲಾ ಸೀಸೆ ಉಂಡ್ಬುಡ್ತು ಅನ್ನು’ ಎಂದಳು ಕಾವೇರಮ್ಮ. ಯಾರೂ ನಗಲಿಲ್ಲ. ಬೈರಮ್ಮ ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟು, ದನಿ ತಗ್ಗಿಸಿ, ‘ಯಾವತ್ತೂ ಇರ್ನಿಲ್ವಾ?’ ಎಂದು ಕೇಳಿದಳು. ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಇತ್ತು’ ಎಂದೆ. ‘ಐದು ತಿಂಗಳು ಇತ್ತು. ಅದಕ್ಕೇ ನೀವು ಹೇಳಿದ್ದಕ್ಕೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಆದರೆ ನೀರು ಕೆಟ್ಟಿರೋದು ನಿಜ. ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೊಳ್ಳಿ, ಮಗುವಿಗೆ ಮಾತ್ರ ಆ ನೀರು ಕೊಡಬೇಡಿ.’ ಒಬ್ಬೊಬ್ಬರೇ ಮಡಿಲಿನ ಸಿಪ್ಪೆ ಕೊಡವಿ ಎದ್ದು ಹೋದರು. ಕಾವೇರಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲೋಟ ಒಳಗೆ ಹೋಯಿತೋ ಹೊರಗೇ ಉಳಿಯಿತೋ ನನಗೆ ಕಾಣಲಿಲ್ಲ.

ಈಗ ಏಳು ಗಂಟೆ. ತಟ್ಟೆ ಬಂದಿಲ್ಲ. ಬರುವುದಿಲ್ಲ. ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದೇನೆ, ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದೇ ಮರೆತುಹೋಗಿದೆ. ಹೊಟ್ಟೆಯ ಮೇಲೆ ಕೈ ತಾನಾಗಿ ಹೋಗುತ್ತದೆ, ಅಲ್ಲಿ ಏನೂ ಇಲ್ಲ. ಅವರು ನನ್ನನ್ನು ನಂಬದಿದ್ದರೆ ಮನೋಹರ್ ಸರ್ ವರದಿ ಬರೆದು ತಾಲ್ಲೂಕು ಕಚೇರಿಗೆ ಕೊಟ್ಟು, ಅಲ್ಲಿಯವರು ಬಂದು ನೋಡುವಷ್ಟರಲ್ಲಿ ಇನ್ನೆಷ್ಟು ಮಕ್ಕಳು ಹಾಲಿನ ವ್ಯಾನು ಹತ್ತಬೇಕೋ.

ಅಮ್ಮನಿಗೆ ಬೇರೆ ಕಾಗದ ಬರೆಯುತ್ತೇನೆ. ನಿಮ್ಮ ಜೊತೆ ಕೋಣೆಯಲ್ಲಿರುವವರಿಗೆ ನನ್ನ ನಮಸ್ಕಾರ ತಿಳಿಸಿ. ಸಂಕ್ರಾಂತಿಗೆ ರಜೆ ಸಿಗದಿದ್ದರೆ ಪರವಾಗಿಲ್ಲ, ಕಷ್ಟಪಟ್ಟು ಬರಬೇಡಿ. ಗಾಳಿ ಜೋರಿದ್ದ ದಿನ ಯಂತ್ರದ ಮೇಲೆ ಹತ್ತದಂತೆ ಆ ಮಲೆಯ ಮಾದೇಶ್ವರನೇ ನಿಮ್ಮ ಕಾಲು ಹಿಡಿದುಕೊಳ್ಳಲಿ.

ನಿಮ್ಮ,
ಸೌಮ್ಯಶ್ರೀ

ತಾ.ಕ.: ಸೋಮವಾರ ಬೆಳಿಗ್ಗೆ. ಸಾತನೂರಿನ ಬಸ್ಸಿಗೆ ಕಾಯುತ್ತಾ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ರಜೆಯ ವಿಷಯ ಮೇಲೆ ಬರೆದದ್ದು ಸುಳ್ಳು. ಬನ್ನಿ. ನಾವಿಬ್ಬರೂ ನಮ್ಮ ಕೂಸಿಗಾಗಿ ಒಂದೇ ಕಡೆ ಕುಳಿತು ಅತ್ತಿಲ್ಲ, ಒಂದು ಸಲ ಅಳಬೇಕು. ಇನ್ನು ಊರಿನ ಸುದ್ದಿ. ವತ್ತಾರೆ ಬಾಗಿಲು ತೆಗೆದರೆ ಬೈರಮ್ಮ, ಅವಳ ಹಿಂದೆ ಪುಟ್ಟಸ್ವಾಮಿಯ ಹೆಂಡತಿ, ಅವಳ ಹಿಂದೆ ಕಾವೇರಮ್ಮ, ಇನ್ನೂ ಹಿಂದೆ ಸಾಲಾಗಿ ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ಅವರವರ ಹಂಡೆಯ ನೀರಿನ ಚೊಂಬು. ಯಾರೂ ಹೊಸಿಲು ದಾಟಲಿಲ್ಲ, ತಿಂಡಿ ಆಯಿತೆ ಎಂದು ಕೇಳಲಿಲ್ಲ. ‘ಖಾಲಿ ಸೀಸೆ ತತ್ತಾ. ನಿನ್ ಮಾತ ನಂಬಾಕಿಲ್ಲ. ನಮ್ ಮನೆ ನೀರ ನಮ್ ಹೊಟ್ಟೆಗೇ ಕಟ್ಕಂಡು ನೋಡ್ತೀವಿ’ ಎಂದಳು ಬೈರಮ್ಮ. ಬೇಯಿಸಿಟ್ಟಿದ್ದ ಸೀಸೆಗಳನ್ನೆಲ್ಲ ಕೊಟ್ಟೆ, ಬಾಯಿಗೆ ಬೆರಳು ತಾಗದಂತೆ ತುಂಬುವುದನ್ನು ತೋರಿಸಿದೆ. ಅವರು ಸೀಸೆಯನ್ನು ಸೆರಗಿನ ತುದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಸೊಪ್ಪು ಬಿಡಿಸಲು ಹಿಪ್ಪುನೇರಳೆ ತೋಟದ ಕಡೆ ಹೋದರು. ಎಲ್ಲರೂ ನಿಧಾನವಾಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು.