ಎಣ್ಣೆ ಹಚ್ಚಿದ ಜಡೆಗೆ ಸರ್ಕಾರದ ಆಶೀರ್ವಾದ

ಶಾಲೆಗಳ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ಬಡ ಮಕ್ಕಳಿಗೆ ಪುಕ್ಕಟೆ ಸೀಟು ಕೊಡುತ್ತೇವೆಂದು ಮಾತು ಕೊಟ್ಟು ಅಗ್ಗಕ್ಕೆ ಸರ್ಕಾರಿ ಜಮೀನು ಪಡೆದ, ದಿಲ್ಲಿಯ ನಮ್ಮ ಬಡಾವಣೆಯ ಶಾಲೆ, ಆ ಮಕ್ಕಳನ್ನು ಮಧ್ಯಾಹ್ನದ ಪಾಳಿಯಲ್ಲಿ, ಫೀಸು ಕಟ್ಟುವವರೆಲ್ಲ ಮನೆಗೆ ಹೋದ ಮೇಲೆ, ಹಿಂದಿನ ಗೇಟಿನಿಂದ ಒಳಗೆ ಬಿಡುತ್ತದೆ. ಇದು ನಿಮಗೆ ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ನೀವು ತಪಾಸಣೆ ಮಾಡುವುದಾದರೂ ಏನನ್ನು? ಕನ್ನಡದಲ್ಲಿ ಬರೆದೆನೆಂದು ಬೇಸರಿಸಬೇಡಿ. ಹಿಂದಿಯಲ್ಲಿ ಬರೆದುಕೊಂಡಾಗಲೂ ನೀವು ಉತ್ತರಿಸಲಿಲ್ಲ. ಓದದವರಿಗೆ ಯಾವ ಭಾಷೆಯಾದರೇನು?

ನಮ್ಮ ಬೀದಿಯ ಬೇವಿನ ಮರದಡಿ ಇಸ್ತ್ರಿ ಮಾಡುವ ಭಯ್ಯಾನ ಮಗಳು ಪೂನಂ, ನನ್ನ ಮೊಮ್ಮಗಳು ಅದಿತಿಯ ಗೆಳತಿ. ಇಬ್ಬರದೂ ಒಂದೇ ಶಾಲೆ, ಒಂದೇ ತರಗತಿ. ಬೆಳಿಗ್ಗೆ ಹೋಗುವ ಅದಿತಿಗೆ ಟೀಚರುಗಳಿದ್ದಾರೆ, ಲೈಬ್ರರಿ ಇದೆ, ಉಯ್ಯಾಲೆ ಇದೆ. ಮಧ್ಯಾಹ್ನದ ಪೂನಂಗೆ ಬಂದರೆ ಬಂದರು ಎನ್ನುವಂಥ ಒಬ್ಬ ಟೀಚರು, ಬೀಗ ಜಡಿದ ಲೈಬ್ರರಿ, ಕಟ್ಟಿಹಾಕಿದ ಉಯ್ಯಾಲೆ. ಬಿಚ್ಚಿದರೆ ಸವೆಯುತ್ತದಂತೆ. ಬೆಳಗಿನ ಮಕ್ಕಳು ತೂಗಿಕೊಂಡರೆ ಗಟ್ಟಿಯಾಗುತ್ತದೇನೋ! ಚಳಿಗಾಲದಲ್ಲಿ ಶಾಲೆ ಬಿಡುವಷ್ಟರಲ್ಲಿ ಕತ್ತಲು. ಮಾರ್ಚ್ ಕಳೆದರೆ ಮಗಳನ್ನು ಬಿಡಿಸಿ ಬಟ್ಟೆ ಗಂಟು ಹೊರಿಸುತ್ತೇನೆ ಎನ್ನುತ್ತಿದ್ದಾನೆ ಭಯ್ಯಾ.

ಕಳೆದ ತಿಂಗಳು ನೀವು ದಯಮಾಡಿಸಿದ ದಿನ ಮಾತ್ರ ಮಧ್ಯಾಹ್ನದ ಮಕ್ಕಳನ್ನು ಬೆಳಿಗ್ಗೆಯೇ ಕರೆಸಿದರು. ಶಾಂಪೂ ಹಾಕಿಸಿ, ಎರವಲು ಕೋಟು ತೊಡಿಸಿ, ಉಳಿದವರ ನಡುವೆ ಕೂರಿಸಿದರು. ಅದಿತಿಗೆ ನಾನು ತಲೆ ತುಂಬ ಕೊಬ್ಬರಿ ಎಣ್ಣೆ ತಿಕ್ಕಿ, ಎರಡು ಜಡೆ ಹೆಣೆದು, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದೆ. ನಮ್ಮೂರ ಕಡೆ ಅದು ಮುದ್ದಿನ ಮಗುವಿನ ಲಕ್ಷಣ. ದಿಲ್ಲಿಯಲ್ಲಿ ಬಡತನದ ಲಕ್ಷಣವೆಂದು ನಿಮ್ಮಿಂದ ಕಲಿತೆ. ಬಡ ಮಗುವನ್ನು ಹುಡುಕುತ್ತ ನೀವು ನೇರ ಅವಳ ಬಳಿಗೇ ಬಂದಿರಿ. ತಲೆ ಸವರಿ, ಚಾಕೊಲೇಟ್ ಕೊಟ್ಟು, ಸರ್ಕಾರ ನಿನ್ನ ಜೊತೆಗಿದೆ ಎಂದು ಫೋಟೊ ತೆಗೆಸಿಕೊಂಡಿರಿ. ಅವಳಪ್ಪ ಗುಡಗಾಂವಿನ ಕಂಪನಿಯಲ್ಲಿ ಮ್ಯಾನೇಜರು, ಸ್ವಾಮಿ.

"ಅಜ್ಜಿ, ಅಂಕಲ್ ನಂಗೆ ಮಾತ್ರ ಚಾಕ್ಲೇಟ್ ಕೊಟ್ರು. ಪೂನಂ ಪಾಸ್ ಮೇ ಹೀ ಥೀ, ಉಸ್ಕೋ ಕುಛ್ ನಹೀಂ," ಎಂದಳು ಅದಿತಿ. ಪಕ್ಕದಲ್ಲೇ ಇದ್ದ ಪೂನಂಗೆ ಏನೂ ಇಲ್ಲವಂತೆ. ಆಮೇಲೆ ಅದನ್ನು ಮುರಿದು ಇಬ್ಬರೂ ತಿಂದರಂತೆ. ನಿಮ್ಮ ಇಲಾಖೆಯಾಗಿದ್ದರೆ ಇದಕ್ಕೊಂದು ಸಮಿತಿ ಬೇಕಾಗುತ್ತಿತ್ತು.

ಅಷ್ಟು ಹತ್ತಿರದಿಂದ ನೋಡಿದ ನಿಮಗೇ ಬಡವರ ಮಗು ಯಾವುದು, ಬಲ್ಲಿದರ ಮಗು ಯಾವುದು ತಿಳಿಯಲಿಲ್ಲ. ಹಾಗಾದರೆ ದಿನಾ ಒಟ್ಟಿಗೆ ಕೂರಿಸಿದರೆ ಯಾರ ಗಂಟು ಹೋದೀತು? ಏಪ್ರಿಲ್‌ನಲ್ಲಿ ಪೂನಂ ಬೆಳಗಿನ ಗಂಟೆಗೆ, ಮುಂದಿನ ಗೇಟಿನಿಂದಲೇ ಒಳಗೆ ಹೋಗಬೇಕು. ಜಮೀನು ಪಡೆಯುವಾಗ ಶಾಲೆ ಕೊಟ್ಟ ಮಾತೇ ಅದು. ಇಲ್ಲವಾದರೆ ನಿಮ್ಮ ಮುಂದಿನ ತಪಾಸಣೆಯ ದಿನ ಬಡಾವಣೆಯ ಮಕ್ಕಳಿಗೆಲ್ಲ ನಾನೇ ಎಣ್ಣೆ ಹಚ್ಚಿ ಕಳಿಸುತ್ತೇನೆ. ಚಾಕೊಲೇಟ್ ಸಾಕಷ್ಟು ತನ್ನಿ.

ಇಂತಿ,
ನೀವು ಹರಸಿದ ಬಡ ಮಗುವಿನ ಅಜ್ಜಿ,
ಶಾರದಮ್ಮ
ಮುನಿರ್ಕಾ, ಫೆಬ್ರವರಿ 2006