ಹನ್ನೊಂದು ದಿನಕ್ಕೊಮ್ಮೆ ಉಸಿರಾಡಿದ ಗಾಳಿ

ವರ್ಷ ೪,೩೧೮, ಏಳನೆಯ ದಿನ

ಪ್ರೀತಿಯ ಮುಂದಿನವರೆ,

ತಪ್ಪು ಗೊತ್ತಾದ ಮೇಲೂ ನಾನು ಎರಡು ವರ್ಷ ಸುಮ್ಮನಿದ್ದೆ. ಈ ಸಾಲನ್ನು ಬಿಟ್ಟೇ ಕಾಗದ ಮುಗಿಸುವವಳಿದ್ದೆ. ನಮ್ಮ ವರ್ಷವೆಂದರೆ ಹನ್ನೊಂದೇ ದಿನ, ನಿಜ. ಆದರೂ ಇಪ್ಪತ್ತೆರಡು ದಿನ ಮುನ್ನೂರು ಜನ ಗಂಟುಮೂಟೆ ಕಟ್ಟುವುದನ್ನು ನೋಡುತ್ತ ಕೂತದ್ದು ಸಣ್ಣದೇನಲ್ಲ. ಇದು ವರ್ಷ ಎಂಟು ಸಾವಿರಕ್ಕೆ ತೆರೆಯುವ ಪೆಟ್ಟಿಗೆಗೆ ಹೋಗುತ್ತದೆ. ಅದನ್ನು ನಾವು ‘ಕಾಯುವ ಅಂಚೆ’ ಎನ್ನುತ್ತೇವೆ. ಅಷ್ಟರಲ್ಲಿ ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ನಕ್ಷತ್ರದ ಹೆಸರು ಕೆಂಚ; ಚಿಕ್ಕದು, ಹೆಚ್ಚು ಬಿಸಿಯಿಲ್ಲದ್ದು. ಅದಕ್ಕೆ ತೀರ ಹತ್ತಿರದಲ್ಲಿ ಸುತ್ತುವುದರಿಂದಲೇ ವರ್ಷ ಇಷ್ಟು ಗಿಡ್ಡ. ಭೂಮಿಯಿಂದ ಬಂದ ಹಿರಿಯರು ಯುಗಾದಿ ಬಿಡಲೊಪ್ಪಲಿಲ್ಲ. ಹಾಗಾಗಿ ಹನ್ನೊಂದು ದಿನಕ್ಕೊಮ್ಮೆ ಮನೆಮನೆಯಲ್ಲೂ ಹೋಳಿಗೆ.

ನನ್ನ ಕೆಲಸ ಹೊರಗಿನ ಗಾಳಿಯನ್ನು ಅಳೆಯುವುದು. ಅದರಲ್ಲಿ ಆಮ್ಲಜನಕವಿದೆ. ಅದು ಹುಟ್ಟಲು ಜೀವ ಬೇಕಿಲ್ಲ, ಕೆಂಚನ ಅತಿನೇರಳೆ ಬೆಳಕು ನೀರಾವಿಯನ್ನು ಒಡೆದರೆ ಸಾಕು. ಆದರೆ ಜೊತೆಗೆ ಮೀಥೇನ್ ಕಂಡರೆ ಮಾತೇ ಬೇರೆ. ಆಮ್ಲಜನಕ ಅದನ್ನು ಬಹಳ ಕಾಲ ಉಳಿಯಗೊಡುವುದಿಲ್ಲ; ಉಳಿದಿದ್ದರೆ ಏನೋ ಒಂದು ಅದನ್ನು ತುಂಬುತ್ತಲೇ ಇದೆ ಎಂದರ್ಥ. ಅಳೆಯಲು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಹೊಸ ಜಾಗಕ್ಕೆ ಸರಿಸಿದ ಮೇಲೆ, ಮೀಥೇನ್ ಪ್ರತಿ ವರ್ಷದ ಮೊದಲಿಗೆ ಏರಿ ಇಳಿಯತೊಡಗಿತು. ನೆಲ ಋತುವಿಗೆ ತಕ್ಕಂತೆ ಉಸಿರಾಡುತ್ತಿದೆ ಎಂದು ಸಭೆಯಲ್ಲಿ ಹೇಳಿಬಿಟ್ಟೆ. ಜೀವವಿರುವ ನೆಲದಲ್ಲಿ ನಾವು ಮನೆ ಮಾಡಬಾರದೆಂಬುದು ಹಿರಿಯರ ಕಟ್ಟಳೆ. ಊರು ಬಿಡಲು ತಯಾರಿ ಶುರುವಾಯಿತು.

ಗೊಬ್ಬರದ ತೊಟ್ಟಿ ನೋಡಿಕೊಳ್ಳುವ ಶಿವಗಂಗವ್ವ ಮಾತ್ರ ಚೀಲ ಕಟ್ಟಲಿಲ್ಲ. ನನ್ನ ಪಟ್ಟಿ ಕೇಳಿ ಪಡೆದು ಹಬ್ಬದ ಮರುದಿನಗಳ ಮೇಲೆ ಬೆರಳಿಟ್ಟಳು. ಮುಸುರೆ ಸುರಿಯಲು ತೊಟ್ಟಿಯ ಮುಚ್ಚಳ ತೆಗೆಯುವುದು ಅವತ್ತೇ; ಒಳಗೆ ಕೊಳೆತದ್ದರ ಮೀಥೇನ್ ಹೊರಬರುವುದೂ ಅವತ್ತೇ. ನನ್ನ ಕೊಳವೆ ಅದರ ಪಕ್ಕದಲ್ಲೇ ಇತ್ತು.

“ಅಕ್ಕಾರ, ನೀವು ಹುಡುಕಿದ ಜೀವ ನಮ್ಮ ಹೋಳಿಗಿ ತಿಂದು ಬದುಕೈತ್ರಿ,” ಎಂದಳು. ಸಭೆಗೆ ಹೇಳುವುದು ನನ್ನ ಕೆಲಸ, ತನ್ನದಲ್ಲ ಎಂದೂ ಸೇರಿಸಿದಳು.

ಮತ್ತೆ ಪರೀಕ್ಷಿಸಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಕಂಡುಹಿಡಿದವಳೆಂಬ ಹೆಸರಿನ ಆಸೆಯೆ? ಅಷ್ಟೇ ಅಲ್ಲ ಎಂದುಕೊಳ್ಳಲು ಇಷ್ಟ. ಇಲ್ಲಿ ನಾವು ಒಂಟಿಯಲ್ಲ ಎಂಬುದು ಹಿತವಾಗಿತ್ತು. ಕೊನೆಗೆ, ಶಾಲೆಯ ಗಂಟೆಯನ್ನೂ ಕಳಚಿದ ದಿನ, ಹೋಗಿ ಹೇಳಿದೆ. ಮುಂದಿನ ಯುಗಾದಿ ಕಳೆದರೂ, ಪರೀಕ್ಷೆಗೆಂದು, ತೊಟ್ಟಿಯನ್ನು ಮುಚ್ಚಿಯೇ ಇಟ್ಟೆವು. ಮೀಥೇನ್ ಏಳಲೇ ಇಲ್ಲ. ಜನ ಗಂಟು ಬಿಚ್ಚಿದರು. ಈಗ ಎದುರಾದವರೆಲ್ಲ ನೆಲದ ಊಟ ಆಯಿತೇ ಎಂದು ಕೇಳಿ ನಗುತ್ತಾರೆ. ನಾನೂ ನಗುತ್ತೇನೆ.

ಕೊಳವೆ ಈಗ ಬೆಟ್ಟದಾಚೆ ಇದೆ. ಒಂದು ದಿನ ಅಲ್ಲೂ ಮೀಥೇನ್ ಕಾಣಬಹುದು. ಮೊದಲು ನಿಮ್ಮ ಅಡುಗೆಮನೆ ನೋಡಿ. ಆಮೇಲೆ ಏನೇ ತಿಳಿದರೂ, ಅದು ನಿಮಗೆ ಎಷ್ಟೇ ಬೇಡವಾಗಿದ್ದರೂ, ಅವತ್ತೇ ಹೇಳಿ.

ನಿಮ್ಮ
ಚಿತ್ಕಲಾ

ಅಂಚೆಗೆ ಹಾಕುವುದು: ವರ್ಷ ೪,೩೧೮, ಹತ್ತನೆಯ ದಿನ.